ಫುಲಿಯಾದ ಟಾಂಗೈಲ್ ಸೀರೆ: ಗಂಜಿಗೆ ಮರುಳಾಗಬೇಡಿ

ಬಂಗಾಳದ ಹತ್ತಿ ಸೀರೆಗೆಲ್ಲ ‘ತಾಂತ್’ ಅನ್ನೋದು ನಮ್ಮ ರೂಢಿ. ತಾಂತ್ ಅಂದರೆ ಬಂಗಾಳಿಯಲ್ಲಿ ಮಗ್ಗ, ಅಷ್ಟೇ. ಪಶ್ಚಿಮ ಬಂಗಾಳದ ನದಿಯಾ ಜಿಲ್ಲೆಯ ಫುಲಿಯಾದ ಹೆಸರುವಾಸಿ ನೇಯ್ಗೆ ಟಾಂಗೈಲ್. ದೇಶ ವಿಭಜನೆಯ ನಂತರ ಪೂರ್ವ ಬಂಗಾಳದ (ಈಗಿನ ಬಾಂಗ್ಲಾದೇಶ) ಟಾಂಗೈಲ್ ಕಡೆಯಿಂದ ಬಂದ ಬಸಾಕ್ ಸಮುದಾಯದ ನೇಕಾರರು ಇದನ್ನು ಇಲ್ಲಿ ಬೇರೂರಿಸಿದರು. 2024ರ ಜನವರಿಯಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯೂ ಸಿಕ್ಕಿತು. ಪಕ್ಕದ ಶಾಂತಿಪುರದ ಸೀರೆಗೆ ಬೇರೆಯದೇ ಜಿಐ ಇದ್ದರೂ ಅಂಗಡಿಗಳಲ್ಲಿ ಎರಡೂ ಒಂದೇ ಕಟ್ಟಿನಲ್ಲಿ ಕೂತಿರುತ್ತವೆ.

ಈ ಸೀರೆಯ ಗುಣವೆಲ್ಲ ನೂಲಿನ ಸಣ್ಣತನದಲ್ಲಿದೆ. ಅದರ ಅಳತೆಯೇ ಕೌಂಟ್: 100 ಕೌಂಟ್ ನೂಲು ಅಂದರೆ ಒಂದು ಗ್ರಾಂ ತೂಕಕ್ಕೆ ಸುಮಾರು 169 ಮೀಟರ್ ಎಳೆ. ಇಷ್ಟು ಸಣ್ಣ ಎಳೆ ಮಗ್ಗದಲ್ಲಿ ಹರಿಯದಿರಲೆಂದು ಭತ್ತದ ಅರಳಿನ ಗಂಜಿ ಹಾಕುತ್ತಾರೆ. ಹೊಸ ಸೀರೆ ಕಾಗದದಂತೆ ಸರಬರ ಅನ್ನುವುದು ಅದಕ್ಕೇ.

ಮೋಸ ನಡೆಯುವುದೂ ಅದೇ ಗಂಜಿಯಲ್ಲಿ. ಹೊಕ್ಕು (ಅಡ್ಡ ಎಳೆ) ವಿರಳವಾಗಿ ಹೊಡೆದ ಬಟ್ಟೆಗೆ ದಪ್ಪಗೆ ಗಂಜಿ ಬಳಿದರೆ ಒಳ್ಳೆಯ ನೇಯ್ಗೆಯಂತೆಯೇ ಕಾಣುತ್ತದೆ. ಎರಡು ಒಗೆತಕ್ಕೆ ಬಲೆಯಾಗುತ್ತದೆ. ಸೆರಗಿನ ಮೂಲೆಯನ್ನು ಅಂಗೈಯಲ್ಲಿ ಉಜ್ಜಿ ಗಂಜಿ ಮುರಿಯಿರಿ, ಬೆಳಕಿಗೆ ಹಿಡಿಯಿರಿ, ಹೆಬ್ಬೆರಳ ಉಗುರಿನಿಂದ ಎಳೆಗಳನ್ನು ಪಕ್ಕಕ್ಕೆ ತಳ್ಳಿ ನೋಡಿ. ಸರಿದ ಜಾಗ ಹಾಗೇ ಬಾಯಿ ಬಿಟ್ಟುಕೊಂಡಿದ್ದರೆ ಆ ಸೀರೆ ಬೇಡ.

ಆಮೇಲೆ ಸೀರೆ ಮಗುಚಿ ಬುಟ್ಟಾದ ಹಿಂಬದಿ ನೋಡಿ. ಕೈಯಿಂದ ಹಾಕಿದ ಬುಟ್ಟಾದಲ್ಲಿ ಬಣ್ಣದ ಎಳೆ ಹೂವಿನ ಅಂಚಿಗೆ ಬಂದು ಅಲ್ಲೇ ಹಿಂತಿರುಗುತ್ತದೆ. ಅಕ್ಕಪಕ್ಕದ ಎರಡು ಬುಟ್ಟಾ ತುಸು ಹೆಚ್ಚುಕಮ್ಮಿ ಇದ್ದರೆ ಅದು ದೋಷವಲ್ಲ. ಹೂವಿನಿಂದ ಹೂವಿಗೆ ಸಾಗಿದ ಎಳೆಯನ್ನು ಕತ್ತರಿಸಿ ಬಿಟ್ಟ ತುಂಡುಗಳು ಕಂಡರೆ ಅದು ಯಂತ್ರದ ಕೆಲಸವಿರಬಹುದು. ಒಗೆದಂತೆ ಆ ತುಂಡುಗಳು ಉದುರಿ ಹೂವೇ ಬೋಳಾಗುತ್ತದೆ. ಅಂಚಿನುದ್ದಕ್ಕೂ ಸೂಜಿಮೊನೆಯಷ್ಟು ತೂತುಗಳಿದ್ದರೆ ಗಾಬರಿ ಬೇಡ. ನೇಯುವಾಗ ಬಟ್ಟೆಯ ಪನ್ನ (ಅಗಲ) ಕುಗ್ಗದಂತೆ ಕಟ್ಟುವ ಕೋಲಿನ ಗುರುತು ಅದು.

ಹತ್ತಿಯೋ ಅಲ್ಲವೋ ಅನುಮಾನವಿದ್ದರೆ ಸೆರಗಿನ ಕುಚ್ಚಿನ ಒಂದು ಎಳೆ ಸುಟ್ಟು ನೋಡಿ. ಹತ್ತಿ ಕಾಗದದ ವಾಸನೆ ಬಿಟ್ಟು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಮಣಿಗಟ್ಟುತ್ತದೆ.

ಸೆಕೆಗಾಲಕ್ಕೆ ಇದಕ್ಕಿಂತ ಹಗುರಾದ ಸೀರೆ ಸಿಗುವುದು ಕಷ್ಟ. ಆದರೆ ಆರೈಕೆ ಬೇಡುವ ಸೀರೆ, ದಿನಾ ಉಟ್ಟು ಮಷಿನ್ನಿಗೆ ಎಸೆಯುವವರಿಗೆ ಹೇಳಿದ್ದಲ್ಲ. ತೆಳುವಾದ್ದರಿಂದ ಒಳಲಂಗ ಅದೇ ಬಣ್ಣದ್ದೇ ಆಗಬೇಕು. ಗಂಜಿ ಹಾಕಿ ತಿಂಗಳುಗಟ್ಟಲೆ ಮಡಿಸಿಟ್ಟರೆ ಮಡಿಕೆಯಲ್ಲೇ ಎಳೆ ಮುರಿಯುತ್ತದೆ, ಜೊತೆಗೆ ಗಂಜಿಯ ಆಸೆಗೆ ಹುಳ ಬೇರೆ. ಎತ್ತಿಡುವಾಗ ಗಂಜಿ ತೆಗೆದು, ಹಳೇ ಪಂಚೆಯಲ್ಲಿ ಸುತ್ತಿ, ಆಗಾಗ ಮಡಿಕೆ ಬದಲಿಸಿ.

ಜರಿಯಂಚಿಗಿಂತ ಹತ್ತಿಯಂಚೇ ಲೇಸು. ಒಗೆದಾಗ ಸೀರೆಯ ಮೈ ಕುಗ್ಗಿ ಜರಿ ಕುಗ್ಗದೆ ಅಂಚು ಅಲೆಯಲೆಯಾಗಿ ಸುಕ್ಕಾಗುತ್ತದೆ. ಫಾಲ್ ಹೊಲಿಸುವ ಆತುರವೂ ಬೇಡ: ಮೊದಲು ಸೀರೆಯನ್ನೂ ಫಾಲ್ ಬಟ್ಟೆಯನ್ನೂ ಬೇರೆಬೇರೆಯಾಗಿ ತಣ್ಣೀರಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ, ಆಮೇಲೆ ಹೊಲಿಸಿ.