ಗ್ಲೋ ಟ್ರೈನರ್‌ಗೆ ಎಲೆಕ್ಟ್ರಿಕ್ ಮೋಟಾರ್: ಕೆಲವು ವರ್ಷ ಹಾರಿಸಿದ ಮೇಲೆ ನನ್ನ ಅಭಿಪ್ರಾಯ

ರಿಮೋಟ್‌ನಲ್ಲಿ ಹಾರಿಸುವ ಮಾಡೆಲ್ ವಿಮಾನಗಳಲ್ಲಿ ಕಲಿಯುವವರಿಗೆಂದೇ ಇರುವುದು ಟ್ರೈನರ್. ಅಂಥದ್ದೊಂದು, ಸಿಗ್ ಕಂಪನಿಯ ಕೆಡೆಟ್ ಎಲ್‌ಟಿ-40, ನಿಮ್ಮ ಹತ್ತಿರ ಇದ್ದು, ಮೆಥನಾಲ್ ಇಂಧನದಲ್ಲಿ ಓಡುವ ಪುಟ್ಟ ಗ್ಲೋ ಇಂಜಿನ್ ತೆಗೆದು ಮೋಟಾರ್ ಹಾಕಲಾ ಬೇಡವಾ ಅಂತ ಯೋಚಿಸುತ್ತಿದ್ದರೆ, ಧಾರಾಳವಾಗಿ ಹಾಕಿ. ಆದರೆ ಒಂದು ಮಾತು. ಯಾವ ಮೋಟಾರ್ ಅಂತ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ, ಬ್ಯಾಟರಿ ಎಲ್ಲಿ ಕೂರುತ್ತದೆ ಅಂತ ಯಾರೂ ಕೇಳುವುದಿಲ್ಲ. ಕೆಲಸ ಚೆನ್ನಾಗಿ ಆಗುವುದೂ ಕೆಡುವುದೂ ಅಲ್ಲೇ.

ಗ್ಲೋ ಮೇಲೆ ನನಗೆ ಬೇಸರವಿಲ್ಲ, ಆ ಸದ್ದು ಈಗಲೂ ಇಷ್ಟ. ತಾಪತ್ರಯ ಇಂಧನದ್ದು. ಮೆಥನಾಲ್, ಹರಳೆಣ್ಣೆ, ಜೊತೆಗೆ ನೈಟ್ರೊಮೀಥೇನ್. ಈ ನೈಟ್ರೊ ನಮ್ಮ ಕಡೆ ಕೇಳಿದ ಕೂಡಲೇ ಸಿಗುವ ವಸ್ತುವಲ್ಲ. ಶೇ 80 ಮೆಥನಾಲ್, ಶೇ 20 ಹರಳೆಣ್ಣೆ ಬೆರೆಸಿಯೂ ಓಡಿಸಬಹುದು, ಆದರೆ ಐಡ್ಲಿಂಗ್ ಒಂದೇ ಸಮ ಇರಲು ನೀಡಲ್ (ಇಂಧನದ ಹರಿವು ಹೊಂದಿಸುವ ತಿರುಪು) ತಿರುಗಿಸುತ್ತಾ ಕೂರಬೇಕು. ಹಾರಿಸಿದ ಮೇಲೆ ಬಾಲದವರೆಗೂ ಎಣ್ಣೆ ಒರೆಸುವ ಕೆಲಸ ಬೇರೆ.

ಈಗ ಶಕ್ತಿಯ ಲೆಕ್ಕ. 46 ಸೈಜಿನ ಇಂಜಿನ್ ಅಂದರೆ 0.46 ಘನ ಇಂಚು, 7.5 ಸಿಸಿ. ಡಬ್ಬದ ಮೇಲೆ 16,000 ಆರ್‌ಪಿಎಂನಲ್ಲಿ 1.65 ಹಾರ್ಸ್‌ಪವರ್ ಅಂತ ಇರುತ್ತದೆ, ಅಂದರೆ ಸುಮಾರು 1,200 ವಾಟ್. ಇದನ್ನು ನೋಡಿ ಅಷ್ಟೇ ವಾಟಿನ ಮೋಟಾರ್ ಹುಡುಕುವವರು ಜಾಸ್ತಿ. ಬೇಕಾಗಿಲ್ಲ. 11×6 ಪ್ರೊಪೆಲ್ಲರ್ (11 ಇಂಚು ವ್ಯಾಸ, 6 ಇಂಚು ಪಿಚ್, ಅಂದರೆ ಒಂದು ಸುತ್ತಿಗೆ ಮುಂದೆ ಸಾಗುವ ಲೆಕ್ಕದ ದೂರ) ಹಾಕಿದಾಗ ಇಂಜಿನ್ ಆ ವೇಗಕ್ಕೆ ಏರುವುದೇ ಇಲ್ಲ. ಮೋಟಾರ್ ದೊಡ್ಡ ಪ್ರೊಪೆಲ್ಲರನ್ನು ನಿಧಾನವಾಗಿ ತಿರುಗಿಸಿ ಅದೇ ಕೆಲಸ ಮಾಡುತ್ತದೆ, ಕಡಿಮೆ ಶಕ್ತಿಯಲ್ಲಿ. ನನ್ನದು 670 ಕೆವಿ (ಪ್ರತಿ ವೋಲ್ಟ್‌ಗೆ ನಿಮಿಷಕ್ಕೆ 670 ಸುತ್ತು) ಮೋಟಾರ್, 60 ಆಂಪ್ ಇಎಸ್‌ಸಿ (ಮೋಟಾರ್ ವೇಗ ನಿಯಂತ್ರಿಸುವ ಸರ್ಕ್ಯೂಟ್), 4ಎಸ್ (ಸಾಲಾಗಿ ಜೋಡಿಸಿದ ನಾಲ್ಕು ಸೆಲ್) 4,000 ಎಂಎಎಚ್ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ, 13×8 ಎಲೆಕ್ಟ್ರಿಕ್ ಪ್ರೊಪೆಲ್ಲರ್. ಪೂರ್ತಿ ಥ್ರೊಟಲ್‌ನಲ್ಲಿ ವಾಟ್ ಮೀಟರ್ 45 ಆಂಪ್, 650 ವಾಟ್ ಆಸುಪಾಸು ತೋರಿಸುತ್ತದೆ. ವಿಮಾನದ ತೂಕ ಎರಡೂವರೆ ಕಿಲೋ ಚಿಲ್ಲರೆ. ಟ್ರೈನರ್‌ಗೆ ಕಿಲೋಗೆ 220 ವಾಟ್ ಇದ್ದರೆ ಸಾಕು, ಇಲ್ಲಿ ಅದಕ್ಕಿಂತ ಹೆಚ್ಚೇ ಇದೆ. ರೆಕ್ಕೆ 70 ಇಂಚು, ಹಾಗಾಗಿ ಅರ್ಧ ಥ್ರೊಟಲ್‌ನಲ್ಲೇ ಆರಾಮಾಗಿ ತೇಲುತ್ತದೆ. ಹತ್ತು ನಿಮಿಷ ಹಾರಿಸಿ ಇಳಿಸಿದಾಗ ಬ್ಯಾಟರಿಯಲ್ಲಿ ಇನ್ನೂ ಶೇ 20 ಉಳಿದಿರುತ್ತದೆ.

ಅತಿ ಹೆಚ್ಚು ಸಮಯ ತಿಂದದ್ದು ಫೈರ್‌ವಾಲ್, ಅಂದರೆ ಮೂಗಿನಲ್ಲಿ ಇಂಜಿನ್ ಕೂರಿಸುವ ಪ್ಲೈವುಡ್ ಹಲಗೆ. ವರ್ಷಗಟ್ಟಲೆ ಹರಳೆಣ್ಣೆ ಕುಡಿದ ಪ್ಲೈವುಡ್‌ಗೆ ಯಾವ ಅಂಟೂ ಹಿಡಿಯುವುದಿಲ್ಲ. ಟಾಲ್ಕಂ ಪೌಡರ್ ದಪ್ಪಗೆ ಉದುರಿಸಿ, ಹೇರ್ ಡ್ರೈಯರ್‌ನಲ್ಲಿ ಬಿಸಿ ಮಾಡಿ. ಎಣ್ಣೆ ಮೇಲಕ್ಕೆ ಬಂದು ಬಿಳಿ ಪುಡಿ ಕಂದು ಬಣ್ಣಕ್ಕೆ ತಿರುಗಿ ಮುದ್ದೆಯಾಗುತ್ತದೆ. ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಕೆರೆದು ತೆಗೆದು ಮತ್ತೆ ಉದುರಿಸಿ. ಪುಡಿ ಬೆಳ್ಳಗೇ ಉಳಿಯುವವರೆಗೂ ಇದನ್ನೇ ಮಾಡಬೇಕು. ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ, ಒಣಗಿದ ಮೇಲೆ ಅರಾಲ್ಡೈಟ್ ಅಂಟು ತೆಳುವಾಗಿ ಬಳಿದೆ. ಮೋಟಾರ್ ಮೌಂಟ್ ಇವತ್ತಿಗೂ ಅಲುಗಾಡಿಲ್ಲ. ಇಂಜಿನ್‌ಗೆ ಕೊಟ್ಟಿದ್ದ ಬಲಕ್ಕೆ, ಕೆಳಕ್ಕೆ ಬಾಗಿದ ಕೋನವನ್ನು ಮಾತ್ರ ಹಾಗೇ ಉಳಿಸಿಕೊಳ್ಳಿ, ಮೌಂಟ್ ನೇರ ಮಾಡಲು ಹೋಗಬೇಡಿ.

ಇನ್ನು ಬ್ಯಾಟರಿ. ಸೈಲೆನ್ಸರ್ ಸಮೇತ ಇಂಜಿನ್ ಅರ್ಧ ಕಿಲೋ ಹತ್ತಿರ ಇತ್ತು, ಮೋಟಾರ್ ಮುನ್ನೂರು ಗ್ರಾಂ ಒಳಗೆ. ಮೂಗು ಹಗುರವಾಯಿತು, ಅಲ್ವಾ? ಅದಕ್ಕೇ ಬ್ಯಾಟರಿ ಆದಷ್ಟು ಮುಂದೆ, ಇಂಧನದ ಟ್ಯಾಂಕ್ ಇದ್ದ ಜಾಗದಲ್ಲಿ ಕೂರಬೇಕು. ಪ್ರತಿ ಸಲ ರೆಕ್ಕೆ ಬಿಚ್ಚಿ ಬ್ಯಾಟರಿ ಬದಲಿಸುವುದು ಆಗದ ಮಾತು. ಫೈರ್‌ವಾಲ್ ಹಿಂದೆ ಮೇಲ್ಭಾಗ ಕತ್ತರಿಸಿ, ಮುಂದೆ ಪ್ಲೈವುಡ್ ನಾಲಿಗೆ, ಹಿಂದೆ ಎರಡು ಮ್ಯಾಗ್ನೆಟ್ ಇಟ್ಟು ಮುಚ್ಚಳ ಮಾಡಿಕೊಳ್ಳಿ. ಕತ್ತರಿಸಿದ ಅಂಚಿಗೆ ಒಳಗಿನಿಂದ ಪಟ್ಟಿ ಅಂಟಿಸದಿದ್ದರೆ ಮೂಗು ಅಲ್ಲೇ ದುರ್ಬಲವಾಗುತ್ತದೆ. ಒಟ್ಟು ತೂಕ ಟ್ಯಾಂಕ್ ಖಾಲಿ ಇದ್ದ ಗ್ಲೋ ವಿಮಾನಕ್ಕಿಂತ ಇನ್ನೂರು ಗ್ರಾಂ ಜಾಸ್ತಿ ಬಂತು, ಟ್ಯಾಂಕ್ ತುಂಬಿದ್ದಾಗಿನ ತೂಕಕ್ಕೆ ಹತ್ತಿರ. ಹಾರಾಟದ ಕೊನೆವರೆಗೂ ಸಿಜಿ (ವಿಮಾನದ ತೂಕ ಸಮತೋಲವಾಗುವ ಬಿಂದು) ಕದಲುವುದಿಲ್ಲ. ಟ್ಯಾಂಕ್ ಬರಿದಾದಂತೆ ಎಲೆವೇಟರ್ (ಮೂಗು ಮೇಲೆ ಕೆಳಗೆ ಮಾಡುವ ಬಾಲದ ಪಟ್ಟಿ) ಟ್ರಿಮ್ ಮುಟ್ಟುತ್ತಿದ್ದ ಅಭ್ಯಾಸವೇ ಬಿಟ್ಟುಹೋಗಿದೆ. ನನಗೆ ಇದೇ ದೊಡ್ಡ ಖುಷಿ.

ಬಿಇಸಿ, ಅಂದರೆ ಇದೇ ಬ್ಯಾಟರಿಯಿಂದ ರಿಸೀವರ್, ಸರ್ವೋಗಳಿಗೆ ಕರೆಂಟ್ ಕೊಡುವ ಸರ್ಕ್ಯೂಟ್ ವಿಷಯದಲ್ಲಿ ಕಂಜೂಸಿ ಬೇಡ. ಅಗ್ಗದ ಇಎಸ್‌ಸಿಗಳಲ್ಲಿ ಬರುವ ಲೀನಿಯರ್ ಬಿಇಸಿ ಹೆಚ್ಚುವರಿ ವೋಲ್ಟೇಜನ್ನು ಶಾಖವಾಗಿ ಸುಡುತ್ತದೆ. 4ಎಸ್ ಬ್ಯಾಟರಿಯ 15 ವೋಲ್ಟನ್ನು 5ಕ್ಕೆ ಇಳಿಸುವಾಗ ಪ್ರತಿ ಆಂಪ್‌ಗೆ ಹತ್ತು ವಾಟ್ ಬಿಸಿ. ರೆಕ್ಕೆ, ಬಾಲದ ಪಟ್ಟಿಗಳನ್ನು ತಿರುಗಿಸುವ ಪುಟ್ಟ ಮೋಟಾರ್‌ಗಳಾದ ಸರ್ವೋ ನಾಲ್ಕೂ ಒಟ್ಟಿಗೆ ಕರೆಂಟ್ ಎಳೆದಾಗ ಅದು ಕೈಕೊಟ್ಟರೆ ರಿಸೀವರ್‌ಗೂ ಕರೆಂಟ್ ಇಲ್ಲ. ಸ್ವಿಚಿಂಗ್ ಬಿಇಸಿ ಇರುವುದನ್ನೇ ತೆಗೆದುಕೊಳ್ಳಿ. ಒಳಗೆ ಗಾಳಿ ಬರಲು ಮುಂದೆ ತೂತು ಮಾಡಿದರೆ ಹಿಂದೆ ಅದಕ್ಕಿಂತ ದೊಡ್ಡದು ಬೇಕು. ಇಲ್ಲದಿದ್ದರೆ ಬಿಸಿಗಾಳಿ ಒಳಗೇ ಸುತ್ತುತ್ತದೆ.

ಪ್ರೊಪೆಲ್ಲರ್ ಎರಡು ಇಂಚು ದೊಡ್ಡದಾದರೆ ನೆಲದಿಂದ ಅಂತರ ಒಂದು ಇಂಚು ಕಡಿಮೆ. ನಾನು ಹಾರಿಸುವುದು ಕೆರೆಯಂಗಳದಲ್ಲಿ, ಹೆಂಟೆ, ಒಣ ಹುಲ್ಲು ಎಲ್ಲ ಇರುತ್ತದೆ. ದೊಡ್ಡ ಚಕ್ರ ಹಾಕಲೇಬೇಕಾಯಿತು.

ಸುರಕ್ಷತೆ ಬಗ್ಗೆ ಗಟ್ಟಿಯಾಗಿ ಹೇಳುತ್ತೇನೆ. ಗ್ಲೋ ಇಂಜಿನ್ ಓಡುತ್ತಿದ್ದರೆ ಕಿವಿಗೆ ಗೊತ್ತಾಗುತ್ತದೆ. ಮೋಟಾರ್ ಸುಮ್ನೆ ನಿಂತಿರುವಾಗಲೂ ಬ್ಯಾಟರಿ ಸಿಕ್ಕಿಸಿದ್ದರೆ ಯಾವ ಕ್ಷಣದಲ್ಲಾದರೂ ತಿರುಗಬಹುದು. ಟ್ರಾನ್ಸ್‌ಮಿಟರ್‌ನಲ್ಲಿ (ಕೈಯಲ್ಲಿರುವ ರಿಮೋಟ್) ಥ್ರೊಟಲ್ ಕಟ್ ಸ್ವಿಚ್ ಇಡಿ, ಸಿಗ್ನಲ್ ತಪ್ಪಿದಾಗಿನ ಫೇಲ್‌ಸೇಫ್‌ನಲ್ಲಿ ಥ್ರೊಟಲ್ ಸೊನ್ನೆಗೆ ಬರುವಂತೆ ಹೊಂದಿಸಿ, ಪ್ಲಗ್ ಹಾಕುವಾಗ ಪ್ರೊಪೆಲ್ಲರ್ ಹಿಂದೆ ನಿಲ್ಲಿ. ಮನೆಯಲ್ಲಿ ಪರೀಕ್ಷೆ ಮಾಡುವಾಗ ಪ್ರೊಪೆಲ್ಲರ್ ಬಿಚ್ಚಿಡಿ. ಮಕ್ಕಳು ನೋಡಲು ಬಂದಿದ್ದರಂತೂ ಇನ್ನೂ ಹುಷಾರು.

ಖರ್ಚು ಕಮ್ಮಿಯಾಗುತ್ತದೆ ಅಂತ ಇದಕ್ಕೆ ಕೈಹಾಕಬೇಡಿ. ಮೋಟಾರ್, ಇಎಸ್‌ಸಿಗೆ ಒಮ್ಮೆ ದುಡ್ಡು ಹಾಕಿದರೆ ಮುಗಿಯಿತು, ಬ್ಯಾಟರಿ ಮಾತ್ರ ಇಂಧನದ ಹಾಗೆಯೇ ಸವೆಯುವ ವಸ್ತು. ಬೇಸಿಗೆಯಲ್ಲಿ ಮುಚ್ಚಿದ ಕಾರಿನೊಳಗೆ ಬಿಟ್ಟರೆ, ಇಲ್ಲವೇ ಫುಲ್ ಚಾರ್ಜ್ ಮಾಡಿ ವಾರಗಟ್ಟಲೆ ಇಟ್ಟರೆ ಊದಿಕೊಳ್ಳುತ್ತದೆ. ಮಳೆಗಾಲದಲ್ಲಿ ಹಾರಾಟ ನಿಂತಾಗ ಪ್ರತಿ ಸೆಲ್ 3.8 ವೋಲ್ಟ್‌ಗೆ ತಂದು ತಂಪು ಜಾಗದಲ್ಲಿಡಿ. ಒಂದು ಬ್ಯಾಟರಿ ಚಾರ್ಜ್ ಆಗಲು ಒಂದು ಗಂಟೆ ಹಿಡಿಯುತ್ತದೆ, ಬಯಲಲ್ಲಿ ಕರೆಂಟ್ ಇರುವುದಿಲ್ಲ. ಹಾಗಾಗಿ ಒಂದೇ ತೂಕದ ಮೂರು ಬ್ಯಾಟರಿಯಾದರೂ ಕೊಳ್ಳಿ. ತೂಕ ಬೇರೆ ಬೇರೆ ಆದರೆ ಪ್ರತಿ ಸಲ ಸಿಜಿ ನೋಡುತ್ತಾ ಕೂರಬೇಕಾಗುತ್ತದೆ.