ಬಡಗಿಯ ಕೆಲಸವೋ, ಕಾರ್ಖಾನೆಯ ಪೆಟ್ಟಿಗೆಯೋ: 600 ಚದರಡಿಯ ಮನೆಯಲ್ಲಿ ಎರಡನ್ನೂ ಬಳಸಿದ ಮೇಲೆ

ದಾವಣಗೆರೆಯ ವಿನೋಬನಗರದಲ್ಲಿರುವ ನಮ್ಮ ಮನೆ 20 ಅಡಿ ಅಗಲ, 30 ಅಡಿ ಉದ್ದದ ನಿವೇಶನದ ಮೇಲೆ ನಿಂತಿದೆ. ಗೋಡೆಯ ದಪ್ಪವನ್ನೂ ಮೆಟ್ಟಿಲನ್ನೂ ಕಳೆದರೆ, ಬೀರು ಆರು ಇಂಚು ಮುಂದೆ ಬಂದರೂ ಮಂಚದ ಪಕ್ಕದಲ್ಲಿ ನಡೆಯಲು ಆಗುವುದಿಲ್ಲ. ನಾಲ್ಕು ವರ್ಷಗಳ ಹಿಂದೆ ಅಡುಗೆಮನೆಯ ಕಪಾಟುಗಳನ್ನು ಬಡಗಿಯಿಂದ ಮನೆಯಲ್ಲೇ ಮಾಡಿಸಿದೆವು. ಮಲಗುವ ಕೋಣೆಯ ವಾರ್ಡ್‌ರೋಬನ್ನೂ ಕೈತೊಳೆಯುವ ಬೇಸಿನ್ನಿನ ಕೆಳಗಿನ ಕಪಾಟನ್ನೂ ಅಳತೆ ಕೊಟ್ಟು ಕಾರ್ಖಾನೆಯಿಂದ ತರಿಸಿದೆವು.

ಕೆಲಸ ಮುಗಿಯುವ ವೇಗದಲ್ಲಿ ಹೋಲಿಕೆಯೇ ಇಲ್ಲ. ಬಡಗಿಗೆ ಹದಿನೆಂಟು ದಿನ ಹಿಡಿಯಿತು, ಕಾರ್ಖಾನೆಯವರು ಎರಡೇ ದಿನದಲ್ಲಿ ಜೋಡಿಸಿ ಹೋದರು.

ಆದರೆ ಚಿಕ್ಕ ಮನೆಯಲ್ಲಿ ಲೆಕ್ಕಕ್ಕೆ ಬರುವುದು ಇಂಚುಗಳು. ಬಡಗಿ ಮೊದಲ ದಿನವೇ ತೂಕದ ಗುಂಡು ಇಳಿಬಿಟ್ಟು, “ಗ್ವಾಡೀನೇ ನೆಟ್ಟಗಿಲ್ರೀ ಅಕ್ಕಾರ, ಪೆಟ್ಟಿಗಿ ಹೆಂಗ ನೆಟ್ಟಗ ಕೂರ್ತೈತಿ?” ಎಂದರು. ಗೋಡೆ ಮೇಲ್ಗಡೆ ಮುಕ್ಕಾಲು ಇಂಚು ಹೊರಬಾಗಿತ್ತು. ಅವರು ಆ ಓರೆಗೆ ತಕ್ಕಂತೆ ಹಲಗೆಯ ಅಂಚನ್ನು ಕೆತ್ತಿ ಕೂರಿಸಿದರು. ಕಂಬದ ಪಕ್ಕ ಉಳಿದ ಏಳು ಇಂಚಿನ ಸಂದಿಯಲ್ಲಿ ರೊಟ್ಟಿ ಹಂಚು ಮತ್ತು ತಟ್ಟೆಗಳನ್ನು ನಿಲ್ಲಿಸಿಡುವ ಗೂಡು ಮಾಡಿದರು. ತೂಕವಿಲ್ಲದಿದ್ದರೂ ಜಾಗ ತಿನ್ನುವ ಮಂಡಕ್ಕಿ ಡಬ್ಬಿಗೆ, ಅದರ ಎತ್ತರ ಅಳೆದೇ ಮೇಲಿನ ಅಟ್ಟದಲ್ಲಿ ಖಾನೆ ಕೊಟ್ಟರು. ಕಾರ್ಖಾನೆಯ ಪೆಟ್ಟಿಗೆ ಚೌಕವಾಗಿಯೇ ಬರುವುದರಿಂದ ಗೋಡೆಗಳ ನಡುವಿನ ಅತಿ ಕಿರಿದಾದ ಅಳತೆಯನ್ನೇ ಹಿಡಿಯಬೇಕಾಗುತ್ತದೆ. ಉಳಿದ ಮೂರು ಇಂಚು ಪಟ್ಟಿಯ ಹಿಂದೆ ಮುಚ್ಚಿಹೋಯಿತು.

ಹಲಗೆಯ ಕತ್ತರಿಸಿದ ಅಂಚನ್ನು ಮುಚ್ಚುವ ತೆಳು ಪಟ್ಟಿಯ ವಿಷಯದಲ್ಲಿ ಮಾತ್ರ ಕಾರ್ಖಾನೆಯೇ ಮೇಲು. ಯಂತ್ರವು ಬಿಸಿ ಅಂಟಿನಿಂದ ಒತ್ತಿದ ಪಟ್ಟಿ ಇಂದಿಗೂ ಬಿಟ್ಟಿಲ್ಲ; ಬಡಗಿ ಕೈಯಿಂದ ಅಂಟಿಸಿದ್ದು ಒಲೆಯ ಬಳಿ ಎರಡನೇ ವರ್ಷವೇ ಎದ್ದಿತು. ವಾರ್ಡ್‌ರೋಬಿಗೆ ನಾವು ಆರಿಸಿದ ಜಾರುಬಾಗಿಲೂ ಸರಿಯಾದ ಆಯ್ಕೆಯಾಯಿತು. ಅದರ ಹಳಿಗಳಿಗಾಗಿ ಆಳದಲ್ಲಿ ಸುಮಾರು ಮೂರು ಇಂಚು ಹೆಚ್ಚು ಬೇಕು, ಒಮ್ಮೆಗೆ ಅರ್ಧ ಭಾಗವಷ್ಟೇ ತೆರೆಯುತ್ತದೆ. ಆದರೂ ಒಂದೂವರೆ ಅಡಿಯ ಕದ ಹೊರಕ್ಕೆ ತೆರೆದುಕೊಳ್ಳಲು ಅಷ್ಟೇ ಜಾಗವನ್ನು ಖಾಲಿ ಬಿಡುವುದಕ್ಕಿಂತ ಇದು ಎಷ್ಟೋ ವಾಸಿ.

ನಿಜವಾದ ವ್ಯತ್ಯಾಸ ತಿಳಿದದ್ದು ನೀರು ತಗುಲಿದಾಗ. ಬೇಸಿನ್ನಿನ ಕೆಳಗಿನ ಕಪಾಟು ಪಾರ್ಟಿಕಲ್ ಬೋರ್ಡಿನದು, ಅಂದರೆ ಮರದ ಚೂರುಗಳನ್ನು ಅಂಟಿನಲ್ಲಿ ಕಲಸಿ ಒತ್ತಿದ್ದು. ಪೈಪಿನ ಸಣ್ಣ ಸೋರಿಕೆಗೆ ಅದರ ತಳ ನೆನೆದ ರಸ್ಕಿನಂತೆ ಉಬ್ಬಿತು, ಕೀಲಿನ ಸ್ಕ್ರೂಗಳು ಹಿಡಿತ ಬಿಟ್ಟವು, ಮತ್ತೆ ತಿರುಗಿಸಿದರೂ ಅದೇ ತೂತಿನಲ್ಲಿ ಕಚ್ಚಲಿಲ್ಲ. ಅಡುಗೆಮನೆಯ ಸಿಂಕಿನ ಕೆಳಗೂ ನೀರು ಸೋರಿತ್ತು. ಅಲ್ಲಿನ 18 ಮಿ.ಮೀ. ಪ್ಲೈವುಡ್ ಒರೆಸಿ ಒಣಗಿಸಿದ ಮೇಲೆ ಮೊದಲಿನಂತೆಯೇ ಇದೆ. ಅಂಗಡಿಯಲ್ಲಿ ಎಲ್ಲವನ್ನೂ ‘ವಾಟರ್‌ಪ್ರೂಫ್’ ಎಂದೇ ಮಾರುತ್ತಾರೆ. ಹಲಗೆಯ ಮೇಲಿನ ಮುದ್ರೆಯನ್ನು ನೀವೇ ಓದಿ. ಐಎಸ್ (ಭಾರತೀಯ ಮಾನಕ) 710 ಎಂದಿದ್ದರೆ ಅದು ನೀರಿಗೆ ಹೆಚ್ಚು ತಾಳುವ ಮೆರೈನ್ ಪ್ಲೈವುಡ್, ಐಎಸ್ 303 ಎಂದಿದ್ದರೆ ಸಾಮಾನ್ಯ ಬಳಕೆಯದು.

ಆದ್ದರಿಂದ ನೀರು ಇರುವಲ್ಲಿ ಮತ್ತು ಗೋಡೆ ಓರೆಯಿರುವಲ್ಲಿ ನನ್ನ ಆಯ್ಕೆ ಬಡಗಿಯೇ. ಒಣ ಕೋಣೆಯ ವಾರ್ಡ್‌ರೋಬನ್ನು ಕಾರ್ಖಾನೆಯಿಂದಲೇ ತರಿಸಬಹುದು, ಪೆಟ್ಟಿಗೆಯ ಮೈ ಪ್ಲೈವುಡ್ಡಿನದಾಗಿರಬೇಕಷ್ಟೆ. ಬೇಸಿನ್ನಿನ ಕಪಾಟನ್ನು ಹೋದ ತಿಂಗಳು ಅದೇ ಬಡಗಿಯಿಂದ ಹೊಸದಾಗಿ ಮಾಡಿಸಿದೆವು. ಈ ಸಲ ಅವರು ಕೆಳಗೆ ನಾಲ್ಕು ಇಂಚು ಎತ್ತರದ ಗ್ರಾನೈಟ್ ಪಟ್ಟಿ ಕೂರಿಸಿ, ಅದರ ಮೇಲೆ ಪ್ಲೈವುಡ್ ನಿಲ್ಲಿಸಿದ್ದಾರೆ.