ಹಬೆಯಲ್ಲಿ ಬಗ್ಗಿಸಿದ್ದೋ, ಪದರ ಅಂಟಿಸಿದ್ದೋ: ವಿಮಾನದ ಮೈಗೆ ಮರದ ಪಟ್ಟಿ

ತೀರ್ಥಹಳ್ಳಿ ಹತ್ತಿರ, ನಮ್ಮ ಅಡಿಕೆ ಸುಲಿಯುವ ಶೆಡ್ಡಿನಲ್ಲಿ ಒಂದು ಸೀಟಿನ ಪುಟ್ಟ ವಿಮಾನ ಕಟ್ಟುತ್ತಿದ್ದೇನೆ. ಹಂದರ ಉಕ್ಕಿನ ಪೈಪಿನದು. ಅದರ ಮೇಲೆ ಪ್ಲೈವುಡ್ಡಿನ ಅಡ್ಡ ಚೌಕಟ್ಟುಗಳು, ಅವುಗಳ ಕಚ್ಚಿನಲ್ಲಿ ಮೂಗಿನಿಂದ ಬಾಲದ ಕಡೆಗೆ ಹೋಗುವ ಮರದ ಪಟ್ಟಿಗಳು. ಇವೇ ಸ್ಟ್ರಿಂಗರ್. ಭಾರ ಹೊರುವುದು ಪೈಪು, ಮೇಲೆ ಹೊದಿಸುವ ಬಟ್ಟೆಗೆ ಆಕಾರ ಕೊಡುವುದು ಈ ಪಟ್ಟಿ. ಹಾಗಂತ ಮಾಡಿನ ರೀಪು ತಂದು ಹೊಡೆದರೆ ಆಗುವುದಿಲ್ಲ.

ಮೊದಲು ಮರದ ಮಾತು. ಹೊರದೇಶದಿಂದ ತರಿಸಿದ ಸಿಟ್ಕಾ ಸ್ಪ್ರೂಸ್ ಎಂಬ ಹಗುರ ಮರ ಒಂದು ಕಡೆ, ಕಾಫಿ ತೋಟದ ಸಿಲ್ವರ್ ಓಕ್ ಇನ್ನೊಂದು ಕಡೆ. ಎರಡರಲ್ಲೂ 6 ಮಿ.ಮೀ. ಅಗಲ, 12 ಮಿ.ಮೀ. ಎತ್ತರದ ಪಟ್ಟಿ ಸೀಳಿ ಒಂದೊಂದು ಮೀಟರ್ ತೂಗಿದೆ. ಸ್ಪ್ರೂಸ್ 30 ಗ್ರಾಂ, ಸಿಲ್ವರ್ 43 ಗ್ರಾಂ. ನನಗೆ ಒಟ್ಟು 32 ಮೀಟರ್ ಬೇಕು, ಅಂದರೆ 400 ಗ್ರಾಂಗಿಂತ ಜಾಸ್ತಿ ವ್ಯತ್ಯಾಸ. ಅದರಲ್ಲಿ ಹೆಚ್ಚಿನದು ಬಾಲದ ಕಡೆ ಕೂರುತ್ತದೆ. ಬಾಲದ ತೂಕ ಸರಿದೂಗಿಸಲು ಮೂಗಿಗೆ ಮತ್ತೆ ತೂಕ ಕಟ್ಟಬೇಕಾದೀತು. ಸ್ಪ್ರೂಸ್‌ಗೆ ಕೊಟ್ಟ ದುಡ್ಡು ಇಲ್ಲಿ ವಸೂಲಾಯಿತು. ಎಳೆ ಮಾತ್ರ ಕಣ್ಣಿಟ್ಟು ನೋಡಬೇಕು. 15 ಇಂಚು ಉದ್ದಕ್ಕೆ ಎಳೆ ಒಂದು ಇಂಚಿಗಿಂತ ಹೆಚ್ಚು ಓರೆಯಾಗಿದ್ದರೆ ಆ ಪಟ್ಟಿ ಬೇಡ.

ಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿಯೇ ಕೂರಿಸಬೇಕು. ಮಲಗಿಸಿದ್ದಕ್ಕಿಂತ ನಾಲ್ಕು ಪಟ್ಟು ಗಟ್ಟಿ. ಪಾಲಿಯೆಸ್ಟರ್ ಬಟ್ಟೆ ಇಸ್ತ್ರಿಗೆ ಬಿಗಿಯಾಗುವಾಗ ಪಟ್ಟಿಯನ್ನು ಒಳಗೆ ಎಳೆಯುತ್ತದೆ. ಪಟ್ಟಿ ಸೋತರೆ ವಿಮಾನದ ಮೈ ಬಡಕಲು ದನದ ಪಕ್ಕೆಯ ಹಾಗೆ ಕಾಣುತ್ತದೆ. ಆದರೆ ನಿಂತ ಪಟ್ಟಿ ಮೂಗಿನ ಹತ್ತಿರ ಸುಲಭಕ್ಕೆ ಬಗ್ಗುವುದಿಲ್ಲ. ನಿಜವಾದ ಪೈಪೋಟಿ ಇಲ್ಲೇ.

ಮೊದಲು ಹಬೆ ಹಿಡಿದೆ. ಅಡಿಕೆ ಬೇಯಿಸುವ ಹಂಡೆಯೇ ನನ್ನ ಬಾಯ್ಲರ್. ಹಂಡೆಯ ಬಾಯಿಗೆ ಹಲಗೆ ಮುಚ್ಚಿ, ಮರದ ಉದ್ದ ಪೆಟ್ಟಿಗೆಗೆ ಹಬೆ ಬಿಟ್ಟು, ಪಟ್ಟಿಯನ್ನು ಅರ್ಧ ಗಂಟೆ ಇಟ್ಟೆ. ತೆಗೆದು ಅಚ್ಚಿಗೆ ಬಿಗಿಯುವಾಗ ಬೆಣ್ಣೆಯ ಹಾಗೆ ಬಗ್ಗಿತು. ಪಕ್ಕದಲ್ಲಿದ್ದ ಆಚಾರ್ರು ಅಂದರು, "ಬಿಸಿ ಇರುವಾಗ ಮಾತು ಕೇಳ್ತದೆ ಮಾರಾಯ್ರೇ, ತಣ್ಣಗಾದ ಮೇಲೆ ಅದರದೇ ಹಟ." ಎರಡು ದಿನ ಬಿಟ್ಟು ಕ್ಲ್ಯಾಂಪ್ ಸಡಿಲಿಸಿದೆ. 60 ಮಿ.ಮೀ. ಬಾಗಿಸಿದ್ದು 22 ಮಿ.ಮೀ. ವಾಪಸ್ ಬಂತು. ಒಂದು ಪಟ್ಟಿಯಂತೂ ಹೊರಮೈಯಲ್ಲಿ ಕೂದಲೆಳೆಯಷ್ಟು ಸೀಳಿತ್ತು. ಉಗುರು ಆಡಿಸಿದಾಗಲೇ ಗೊತ್ತಾದದ್ದು.

ಆಮೇಲೆ 4 ಮಿ.ಮೀ. ದಪ್ಪದ ಮೂರು ಪದರ ಸೀಳಿ, ಎಪಾಕ್ಸಿ ಅಂಟು ಹಚ್ಚಿ, ಹಬೆ ಕೊಡದೆ ಅದೇ ಅಚ್ಚಿಗೆ ಬಿಗಿದೆ. ವಾಪಸ್ ಬಂದದ್ದು ಬರೀ 7 ಮಿ.ಮೀ. ಅಚ್ಚನ್ನೇ ಅಷ್ಟು ಜಾಸ್ತಿ ಬಾಗಿಸಿದರೆ ಆಯ್ತು, ಲೆಕ್ಕಕ್ಕೆ ಸಿಗುತ್ತದೆ. ಕೆಲಸ ಮೂರು ಪಟ್ಟು, ಕೈ ಕಾಲೆಲ್ಲ ಅಂಟು. ಆದರೂ ಮೂಗಿನ ತಿರುವಿಗೆ ಇದೇ ಸರಿ. ಹಿಂದಿನ ನೇರ ಭಾಗಕ್ಕೆ ಒಂಟಿ ಪಟ್ಟಿ ಸಾಕು. ಎರಡರ ತುದಿಯನ್ನೂ 1:12 ಓರೆಯಲ್ಲಿ, ಅಂದರೆ ದಪ್ಪದ ಹನ್ನೆರಡು ಪಟ್ಟು ಉದ್ದಕ್ಕೆ ಓರೆಯಾಗಿ ಕತ್ತರಿಸಿ, ಕೂಡಿಸುತ್ತೇನೆ.

ಅಂಟಿನಲ್ಲಿ ರೆಸಾರ್ಸಿನಾಲ್ ಕೂಡ ನೋಡಿದೆ. ಅದಕ್ಕೆ 21 ಡಿಗ್ರಿ ಮೇಲೆ ಬಿಸಿ ಬೇಕು, ಸಂದು ಸ್ವಲ್ಪವೂ ಇರಬಾರದು. ನಮ್ಮ ಜುಲೈ ಬೆಳಗಿಗೆ ಒಗ್ಗದು. ಎಪಾಕ್ಸಿಯ ಮೇಲೂ ಮಳೆಗಾಲದಲ್ಲಿ ಮೇಣದ ಹಾಗೆ ಜಿಡ್ಡು ಕೂರುತ್ತದೆ. ನೀರಲ್ಲಿ ಉಜ್ಜಿ ತೊಳೆದು, ಒಣಗಿಸದೆ ಮೇಲೆ ಅಂಟು ಹಾಕಬೇಡಿ.

ಕೂರಿಸುವಾಗ ಕಚ್ಚು ಬಿಗಿ ಇರಲಿ ಅಂತ ಮೊದಲು ಸುತ್ತಿಗೆ ಹಿಡಿದೆ. ಪಟ್ಟಿ ಎರಡು ಚೌಕಟ್ಟಿನ ನಡುವೆ ಅಲೆಯಾಗಿ ಉಬ್ಬಿತು. ಈಗ ಅರ್ಧ ಮಿ.ಮೀ. ಸಡಿಲ ಬಿಟ್ಟು, ಬಾಲದ ಕಡೆ ಕೂತು ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿ, ನೇರವಾದ ಮೇಲೆ ಅಂಟು ತುಂಬುತ್ತೇನೆ. ಪಟ್ಟಿ ಚೌಕಟ್ಟಿಗಿಂತ 3 ಮಿ.ಮೀ. ಹೊರಗಿರಬೇಕು. ಪಟ್ಟಿಗಳ ನಡುವೆ ಚೌಕಟ್ಟಿನ ಅಂಚನ್ನು ಒಳಕ್ಕೆ ಕೆತ್ತಬೇಕು. ಬಟ್ಟೆ ಅದಕ್ಕೆ ತಾಗಿದರೆ ಅಲ್ಲೊಂದು ಗೆರೆ ಎದ್ದು ಕಾಣುತ್ತದೆ. ಎಂಟರಲ್ಲಿ ಮೂರು ಪಟ್ಟಿ ಹೀಗೆ ಕೂತಿವೆ. ನಾಲ್ಕನೆಯದು ಇವತ್ತು ಅಚ್ಚಿನಲ್ಲಿದೆ.